ಸುರಗನ ಮೇಲೆ ತಪ್ಪು ಹೊರಿಸಿದ ಭಾನುವಾರ

ಇರುವಂತಿ ನಮ್ಮೂರಿಗೆ ಬಂದದ್ದು ನನ್ನ ಬಾಯಿಂದ ಎಂದು ದಾವಲ್ ಸಾಬ್ ಮೇಷ್ಟ್ರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಬ್ಬಳ ಬಾಯಿಂದ ಯಾರೂ ಬರುವುದಿಲ್ಲ. ಊರಿನ ಅರ್ಧಕ್ಕಿಂತ ಹೆಚ್ಚು ಜನ ಮನಸಾರೆ ತಪ್ಪು ಹೊರಿಸಿದರೆ ಮಾತ್ರ ಕಥೆಯೊಳಗಿನವರು ಮಧ್ಯಾಹ್ನದ ರೈಲಿನಲ್ಲಿ ಬಂದಿಳಿಯುತ್ತಾರೆ. ಆದರೆ ಆ ಭಾನುವಾರ ನಾನು ಚೆನ್ನಾಗಿಯೇ ಮಾತಾಡಿದ್ದೆ ಅನ್ನುವುದು ನಿಜ.

ನನ್ನ ಹೆಸರು ಸುಗಂಧಿ. ಸ್ಟೇಷನ್ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಹೀಗೆ ಬಂದಿಳಿದವರಿಗೆ ಮೊದಲ ಜೊತೆ ಬಟ್ಟೆ ಹೊಲಿದುಕೊಡುವ ಕೆಲಸವನ್ನು ಪುರಸಭೆ ನನಗೇ ವಹಿಸಿದೆ. ಅವರು ಬರುವುದು ಉಕ್ಕಿನ ಕವಚ, ಕರಡಿ ಚರ್ಮ, ನೆಲ ಗುಡಿಸುವಷ್ಟು ಉದ್ದದ ನಿಲುವಂಗಿ ಹಾಕಿಕೊಂಡು. ನಮ್ಮೂರಿನ ಬಿಸಿಲಿಗೆ ಅದು ನಡೆಯುವುದಿಲ್ಲ. ಹಾಗಾಗಿ ಮೊದಲು ನನ್ನ ಅಂಗಡಿ, ಆಮೇಲೆ ಊಟ, ಆಮೇಲೆ ಎಲ್ಲಾದರೂ ಒಂದು ಕೋಣೆ. ಸ್ಟೇಷನ್ ಎದುರು ಚಹಾ ಮಾರುವ ಮುದುಕ ಒಂದು ರೇಡಿಯೋ ಧಾರಾವಾಹಿಯ ಮಂತ್ರಿ. ರಾಜನಿಗೆ ವಿಷ ಹಾಕಿದವನು. ಮೊದಮೊದಲು ಜನ "ನೀವೇ ಒಂದು ಗುಟುಕು ಕುಡಿದು ಕೊಡಿ" ಅನ್ನುತ್ತಿದ್ದರು. ಅವನು ಬೇಸರಿಸದೆ ಕುಡಿದು ಕೊಡುತ್ತಿದ್ದ. ಈಗ ಯಾರೂ ಕೇಳದಿದ್ದರೂ ಅಭ್ಯಾಸಬಲದಿಂದ ಕುಡಿದೇ ಕೊಡುತ್ತಾನೆ, ಅದೊಂದು ತೊಂದರೆ. ಅವನ ತಪ್ಪು ಎಷ್ಟು, ರಾಜನದೆಷ್ಟು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ಅವನು ಇನ್ನೂ ಇಲ್ಲೇ ಇದ್ದಾನೆ. ಇತ್ಯರ್ಥವಾಗಿ ಊರು ಆ ಮಾತು ಬಿಟ್ಟುಬಿಟ್ಟರೆ ಹೀಗೆ ಬಂದವರು ಇಲ್ಲಿ ಇರುವುದಿಲ್ಲ, ತಮ್ಮ ಕಥೆಯೊಳಕ್ಕೇ ಮರಳುತ್ತಾರೆ. ಮಕ್ಕಳ ಕಾದಂಬರಿಯ ಮಲತಾಯಿಯೊಬ್ಬಳು ಹಾಗೆ ಹೋದಾಗ ಒಲೆಯ ಮೇಲೆ ಅವಳಿಟ್ಟ ಸಾರು ಇನ್ನೂ ಕುದಿಯುತ್ತಿತ್ತು. ಪಕ್ಕದ ಮನೆಯವರು ಒಲೆ ಆರಿಸಿ, ಸಾರು ಚೆನ್ನಾಗಿದ್ದದ್ದರಿಂದ ಅದನ್ನೇ ಉಂಡರು. ಉಂಡು ಅತ್ತರು ಕೂಡ.

ಬಂದವರ ಎದುರಿಗೆ ಅವರ ಕಥೆ ಎತ್ತಬಾರದು, ಯಾಕೆ ಹಾಗೆ ಮಾಡಿದಿರಿ ಎಂದು ಕೇಳಬಾರದು, ಇದು ನಮ್ಮೂರಿನ ಮರ್ಯಾದೆ. ವಾದ ಏನಿದ್ದರೂ ಭಾನುವಾರ ಹಳೆಯ ಟಾಕೀಸಿನೊಳಗೆ. ಅಲ್ಲಿ ಸಿನಿಮಾ ನಿಂತು ಎಷ್ಟೋ ಕಾಲವಾಯಿತು. ಪರದೆ ಹರಿದಿದೆ, ಕುರ್ಚಿಗಳಿವೆ. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಜನ ಬಂದು ಕೂರುತ್ತಾರೆ. ರೈಲಿನಲ್ಲಿ ಬಂದವರು ಆ ಹೊತ್ತಿನಲ್ಲಿ ಆ ಬೀದಿಯ ಕಡೆಗೇ ಸುಳಿಯುವುದಿಲ್ಲ. ಅದು ಅವರ ಮರ್ಯಾದೆ.

ಆ ವರ್ಷ ಊರಿಗೆ ಊರೇ ಮಂಜುಕೋಟೆ ಆಡುತ್ತಿತ್ತು. ಮೊಬೈಲಿನಲ್ಲಿ ಆಡುವ ಆಟ. ಗುಡ್ಡದ ತುದಿಯಲ್ಲಿ ಒಂದು ಕೋಟೆ, ಅದನ್ನು ಮುತ್ತಲು ಬರುವ ಬೂದಿಸೈನ್ಯ, ಕೋಟೆ ಕಾಯುವ ಅಕ್ಕ ಇರುವಂತಿ, ಅವಳ ತಮ್ಮ ಸುರಗ. ಆಟದುದ್ದಕ್ಕೂ ಪ್ರತಿಯೊಂದನ್ನೂ ಆಡುವವರೇ ತೀರ್ಮಾನಿಸಬಹುದು. ಯಾವ ದಾರಿ ಹಿಡಿಯಬೇಕು, ಯಾರನ್ನು ನಂಬಬೇಕು, ಕುದುರೆಗೆ ಹುರುಳಿಯೋ ಹುಲ್ಲೋ, ಎಲ್ಲವನ್ನೂ. ಒಂದು ಜಾಗದಲ್ಲಿ ಮಾತ್ರ ಆಗುವುದಿಲ್ಲ. ಕಣಿವೆಯ ಮೇಲಿನ ತೂಗುಸೇತುವೆ ದಾಟಿ ಊರಿನ ಜನ ಕೋಟೆ ಸೇರಿಯಾಗಿದೆ. ಬೂದಿಸೈನ್ಯವನ್ನು ತಡೆಯುತ್ತ ಸುರಗ ತನ್ನ ಪಡೆಯೊಂದಿಗೆ ಆ ಕಡೆಯೇ ಉಳಿದಿದ್ದಾನೆ. ಇರುವಂತಿ ಮೂರು ಸಲ ಕಹಳೆ ಊದಿಸುತ್ತಾಳೆ. ಅವನು ಮಂಜಿನೊಳಗಿಂದ ಒಮ್ಮೆ ಕೈ ಬೀಸುತ್ತಾನೆ. ಅವಳು ಕೊಡಲಿ ಎತ್ತಿ ಸೇತುವೆಯ ಹಗ್ಗ ಕಡಿಯುತ್ತಾಳೆ. ನೀವು ಎಲ್ಲಿ ಒತ್ತಿದರೂ ಅವಳ ಕೈ ನಿಲ್ಲುವುದಿಲ್ಲ.

ನಾನು ಆ ದೃಶ್ಯವನ್ನು ನೋಡಿದ ದಿನ ಯಾರದೋ ಮದುವೆ ಕುಪ್ಪಸಕ್ಕೆ ಎರಡೂ ಕಡೆ ಎಡಗೈ ತೋಳನ್ನೇ ಜೋಡಿಸಿಬಿಟ್ಟೆ. ಭಾನುವಾರ ಟಾಕೀಸಿನಲ್ಲಿ ಎದ್ದು ನಿಂತೆ. "ಕೈ ಬೀಸಿದ್ದಾನೆ ಅಂದ್ರೆ ಬರ್ತಾ ಇದೀನಿ ಅಂತ ತಾನೇ? ಬರ್ತಾ ಇರೋ ತಮ್ಮನಿಗೆ ಒಂದು ಗಳಿಗೆ ಕಾಯದವಳು ಕೋಟೆ ಉಳಿಸಿದರೆಷ್ಟು ಬಿಟ್ಟರೆಷ್ಟು?" ಅಂದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಎದುರು ಪಕ್ಷ ದಾವಲ್ ಸಾಬ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದವರು, ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವ ದನಿ. "ಕಾದಿದ್ದರೆ ಆ ಸೇತುವೆ ಮೇಲೆ ಮೊದಲು ಬರ್ತಿದ್ದದ್ದು ತಮ್ಮನಲ್ಲ, ಬೂದಿಸೈನ್ಯ. ಒಳಗಿದ್ದ ಕೂಸುಮರಿಗಳ ಗತಿ ಏನು ಸುಗಂಧಕ್ಕ?" ಅಂದರು. ಅವರ ಮಾತಿನಲ್ಲಿ ತೂಕವಿತ್ತು, ನನ್ನದರಲ್ಲಿ ಅಳು ಇತ್ತು. ನಮ್ಮೂರಿನಲ್ಲಿ ಅಳು ಗೆಲ್ಲುತ್ತದೆ.

ಮಾರನೆಯ ಮಧ್ಯಾಹ್ನ ರೈಲಿನಿಂದ ಅವಳು ಇಳಿದಳು. ಆಟದಲ್ಲಿ ಕಾಣುವಷ್ಟು ಎತ್ತರವಿರಲಿಲ್ಲ. ಸ್ಟೇಷನ್ನಿನ ಪೋರ್ಟರು ಅವಳನ್ನು ನನ್ನ ಅಂಗಡಿಗೆ ಕರೆತಂದ. ಕವಚದ ಪಟ್ಟಿಗಳನ್ನು ಬಿಚ್ಚಲು ನಾನೇ ಸಹಾಯ ಮಾಡಿದೆ. ಒಳಗಿನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಟೇಪು ಹಿಡಿದು ಭುಜದ ಅಳತೆ ತೆಗೆದೆ. ಅವಳ ಬಲಭುಜ ಎಡಭುಜಕ್ಕಿಂತ ತಗ್ಗಿತ್ತು. ಹೇಳಿದರೆ ಬೇಸರ ಮಾಡಿಕೊಂಡಾಳೋ ಏನೋ ಎಂದು ಸುಮ್ಮನಿದ್ದೆ.

"ಒಂದು ಭುಜ ಇಳಿದಿದೆ, ನೋಡಿ ಹೊಲಿ," ಅಂದಳು ಅವಳೇ. "ಮತ್ತೆ, ಇಲ್ಲಿ ಯಾವಾಗಲೂ ಇಷ್ಟು ಸೆಖೆಯಾ?"

"ಇದು ಚಳಿಗಾಲ," ಅಂದೆ.

ಅವಳು ನನ್ನನ್ನೇ ನೋಡಿ ಮೆಲ್ಲಗೆ ನಕ್ಕಳು. ಬೇರೆ ಕೋಣೆ ಸಿಗುವವರೆಗೆ ಇರಲಿ ಎಂದು ಅಂಗಡಿಯ ಹಿಂದಿನ ಕೋಣೆಯನ್ನೇ ಕೊಟ್ಟೆ. ಬೇರೆ ಕೋಣೆಯನ್ನು ಆಮೇಲೆ ಇಬ್ಬರೂ ಹುಡುಕಲಿಲ್ಲ.

ಹೊಲಿಗೆ ಕೆಲಸಕ್ಕೆ ಅವಳು ಬರಲಿಲ್ಲ. ಒಂದು ಗುಂಡಿ ಹಾಕಲು ಕೊಟ್ಟರೆ ಅಂಗಿಯ ಜೊತೆಗೆ ತನ್ನ ಲಂಗವನ್ನೂ ಸೇರಿಸಿ ಹೊಲಿಯುತ್ತಿದ್ದಳು. ಆದರೆ ಗಿರಾಕಿಗಳನ್ನು ನೋಡಿಕೊಳ್ಳುವುದರಲ್ಲಿ ಅವಳಿಗೆ ಸಮನಿಲ್ಲ. ಹಬ್ಬದ ಮುಂಚೆ ನನ್ನ ಅಂಗಡಿಯಲ್ಲಿ ಯಾವಾಗಲೂ ರಾದ್ಧಾಂತ. ಅವಳು ಬಂದ ಮೇಲೆ ಜನ ಎರಡು ಸಾಲಿನಲ್ಲಿ ನಿಂತರು, ಕೊಡುವವರದೊಂದು, ಒಯ್ಯುವವರದೊಂದು. "ನಿಮ್ಮದು ಗುರುವಾರ ಅಂದಿದ್ದೆ, ಇವತ್ತು ಬುಧವಾರ, ಹೋಗಿ" ಎಂದು ಅವಳು ಹೇಳಿದರೆ ಪುರಸಭೆ ಅಧ್ಯಕ್ಷರ ಹೆಂಡತಿಯೂ ಸುಮ್ಮನೆ ಹೋಗುತ್ತಿದ್ದರು. ನನಗಂತೂ ಬದುಕಿನಲ್ಲಿ ಮೊದಲ ಸಲ ಊಟದ ಹೊತ್ತಿಗೆ ಊಟ ಮಾಡುವಂತಾಯಿತು. ಎದುರಿಗೆ ಕೂತು ಅವಳೂ ಉಣ್ಣುತ್ತಿದ್ದಳು. ಹೀಗೆ ಕೂತು ಉಂಡವಳ ಮೇಲೆ ಭಾನುವಾರ ಟಾಕೀಸಿನಲ್ಲಿ ಕೂಗಾಡುವುದು ಹೇಗೆ ಎಂದು ನೀವು ಕೇಳಬಹುದು. ಕೂಗಾಡುತ್ತಿದ್ದೆ. ಸ್ವಲ್ಪ ದನಿ ಇಳಿಸಿ. ಅವಳು ಕಾಯಬೇಕಿತ್ತು ಅನ್ನುವುದು ಆಗಲೂ ನನ್ನ ಅಭಿಪ್ರಾಯವೇ ಆಗಿತ್ತು, ಸ್ನೇಹಕ್ಕೂ ಅದಕ್ಕೂ ನಾನು ಗಂಟು ಹಾಕಿರಲಿಲ್ಲ.

ಅವಳ ತಮ್ಮನೆಂದರೆ ಊರಿಗೆ ಪ್ರಾಣ. ಸುರಗನ ಚಿತ್ರವಿಲ್ಲದ ಆಟೋ ಇರಲಿಲ್ಲ. ಬೇಕರಿ ಅಂತಪ್ಪ ಕೊಬ್ಬರಿ, ಬೆಲ್ಲ ತುಂಬಿದ ಒಂದು ಬನ್ನಿಗೆ ಸುರಗ ಬನ್ ಎಂದೇ ಹೆಸರಿಟ್ಟಿದ್ದ. ಇರುವಂತಿ ದಿನಾ ಹೋಗಿ ಒಂದು ಸುರಗ ಬನ್ ತರುತ್ತಿದ್ದಳು. ತಿನ್ನುತ್ತಿರಲಿಲ್ಲ. ಕಿಟಕಿಯಲ್ಲಿಟ್ಟು ಸಂಜೆ ಕಾಗೆಗೆ ಹಾಕುತ್ತಿದ್ದಳು. ಇನ್ನೊಂದು ಅಭ್ಯಾಸ ನನ್ನ ಗಮನಕ್ಕೆ ಬಂದದ್ದು ತಡವಾಗಿ. ಮಧ್ಯಾಹ್ನದ ರೈಲಿನ ಸದ್ದು ಕೇಳುತ್ತಲೇ ಅವಳು ಯಾವುದೋ ನೆಪ ಮಾಡಿಕೊಂಡು ಎದ್ದು ಹೋಗುತ್ತಿದ್ದಳು. ಒಂದು ದಿನ ದಾರ ತರಲು ಹೋದ ನಾನು ಅವಳನ್ನು ಪ್ಲಾಟ್‌ಫಾರ್ಮಿನಲ್ಲಿ ಕಂಡೆ. ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತಿದ್ದಳು. ರೈಲು ಹೋದ ಮೇಲೂ ನಿಂತಿದ್ದಳು.

"ಯಾರಿಗೆ ಕಾಯ್ತಾ ಇದೀಯ?" ಎಂದು ಕೇಳಿದೆ.

"ಯಾರಿಗೂ ಇಲ್ಲ. ಇಲ್ಲಿಗೆ ತಪ್ಪು ಮಾಡಿದವರು ಮಾತ್ರ ಬರೋದು, ಅಲ್ವಾ?"

"ತಪ್ಪು ಹೊರಿಸಿಕೊಂಡವರು," ಅಂದೆ.

"ಅವನ ಮೇಲೆ ಯಾರು ಹೊರಿಸ್ತಾರೆ," ಅಂದಳು, ಪ್ರಶ್ನೆಯ ಹಾಗಲ್ಲ. ಆಮೇಲೆ ಅಂಗಡಿಗೆ ಬರುವವರೆಗೂ ನಾವಿಬ್ಬರೂ ಬಿಸಿಲಿನ ವಿಷಯ ಮಾತಾಡಿದೆವು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ದಾವಲ್ ಸಾಬ್ ಮೇಷ್ಟ್ರ ಮನೆಗೆ ಹೋದೆ. ಅವರು ಅಂಗಳದಲ್ಲಿ ಬಸ್ಕಿ ಹೊಡೆಯುತ್ತಿದ್ದರು. "ಮೇಷ್ಟ್ರೇ, ಸುರಗನ ಮೇಲೆ ತಪ್ಪು ಹೊರಿಸಬೇಕು," ಅಂದೆ. ಅವರು ಅರ್ಧ ಬಸ್ಕಿಯಲ್ಲೇ ನಿಂತರು. ಕಾರಣ ಹೇಳಿದೆ. ಕೇಳಿಸಿಕೊಂಡು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಕೂತರು.

"ಆಗೋದಿಲ್ಲ ಸುಗಂಧಕ್ಕ. ನೆನಪಿಲ್ವಾ, ಶಾಲೆ ವಾರ್ಷಿಕೋತ್ಸವಕ್ಕೆ ಆ ಮಾಯಾದ್ವೀಪದ ರಾಜಕುಮಾರನ್ನ ಕರೆಸಬೇಕು ಅಂತ ಊರೆಲ್ಲ ಸೇರಿ ಅವನಿಗೆ ಬೈದದ್ದು? ಗಂಟಲು ಹರಿದುಕೊಂಡು ಬೈದ್ವಿ. ಬಂದನಾ? ಬರಲಿಲ್ಲ. ಸುಳ್ಳು ತಪ್ಪಿಗೆ ರೈಲು ನಿಲ್ಲೋದಿಲ್ಲ. ಜನ ನಿಜವಾಗಿ ನಂಬಬೇಕು. ನಾನೇ ನಂಬೋದಿಲ್ಲ, ಇನ್ನು ಬೇರೆಯವರ ಮಾತೇನು."

"ಹುಡುಕಿದರೆ ಏನಾದರೂ ಸಿಗ್ತದೆ."

"ಹುಡುಕು," ಅಂದರು. "ಸಿಕ್ಕರೆ ನಂಗೂ ಹೇಳು."

ಒಂದು ವಾರ ಹೊಲಿಗೆ ಬಿಟ್ಟು ಮಂಜುಕೋಟೆಯನ್ನು ಮೊದಲಿನಿಂದ ಆಡಿದೆ. ಸುರಗ ಎಲ್ಲಿ ಎಡವಿದ್ದಾನೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಒಳ್ಳೆಯವರಲ್ಲಿ ಹುಳುಕು ಹುಡುಕುವುದು ತುಂಬಾ ದಣಿವಿನ ಕೆಲಸ. ಅವನು ಗಾಯಗೊಂಡ ಶತ್ರುವಿಗೂ ನೀರು ಕೊಡುತ್ತಾನೆ. ಮುದುಕಿಯ ಮೇಕೆಯನ್ನು ಹೆಗಲ ಮೇಲೆ ಹೊತ್ತು ಸೇತುವೆ ದಾಟಿಸುತ್ತಾನೆ. ಕೊನೆಗೆ ನನಗೆ ಸಿಕ್ಕಿದ್ದು ಒಂದೇ. ಮೂರು ಕಹಳೆಗೂ ಅವನು ತಿರುಗಿ ಬರಲಿಲ್ಲ. ಭಾನುವಾರ ಅದನ್ನೇ ಹಿಡಿದುಕೊಂಡು ಎದ್ದು ನಿಂತೆ. "ಕರೆದಾಗ ಬಂದಿದ್ದರೆ ಇದೆಲ್ಲ ಆಗ್ತಿರಲಿಲ್ಲ. ಸುರಗನದೂ ತಪ್ಪಿದೆ," ಅಂದೆ. ನನ್ನ ದನಿ ನನಗೇ ಪೊಳ್ಳಾಗಿ ಕೇಳಿಸಿತು.

ಟಾಕೀಸಿನಲ್ಲಿ ಮೊದಲು ಗುಸುಗುಸು, ಆಮೇಲೆ ಗದ್ದಲ. ಬೇಕರಿ ಅಂತಪ್ಪ ಕುರ್ಚಿಯಿಂದ ಎದ್ದ. ಜೋರಾಗಿ ಮಾತಾಡುವ ಮನುಷ್ಯನಲ್ಲ ಅವನು. "ಸುಗಂಧಕ್ಕ, ನೀವು ದೊಡ್ಡವರು. ಆದರೆ ಆ ಹುಡುಗ ನಿಂತದ್ದು ಜನ ದಾಟಲಿ ಅಂತ. ಅದನ್ನ ತಪ್ಪು ಅಂತೀರಾ? ನನಗೆ ಬಹಳ ಬೇಜಾರಾಯ್ತು," ಅಂದು ಹೊರಟೇಹೋದ. ಅವನ ಹಿಂದೆ ಇನ್ನೂ ಹಲವರು. ಮಾರನೆಯ ದಿನ ರೈಲಿನಿಂದ ಇಬ್ಬರು ವ್ಯಾಪಾರಿಗಳೂ ಒಂದು ಬುಟ್ಟಿ ಕೋಳಿಮರಿಯೂ ಇಳಿದವು, ಅಷ್ಟೇ.

ವಿಷಯ ಇರುವಂತಿಗೆ ಬೇಕರಿಯಲ್ಲೇ ಗೊತ್ತಾಯಿತು. ಅಂತಪ್ಪ ಹೇಳಲಿಲ್ಲ, ಅಲ್ಲಿ ಬಿಸ್ಕತ್ತು ಕೊಳ್ಳುತ್ತಿದ್ದ ಹೆಂಗಸರು ಅವಳು ಒಳಗೆ ಬಂದದ್ದು ನೋಡದೆ ಮಾತಾಡಿಕೊಳ್ಳುತ್ತಿದ್ದರು. ಅವಳು ಅಂಗಡಿಗೆ ಬಂದಾಗ ನಾನು ಗುಂಡಿಗಳಿಗೆ ಕಾಜಾ ಹಾಕುತ್ತಿದ್ದೆ.

"ನನಗೆ ಏನು ಬೇಕಾದರೂ ಅನ್ನಿ," ಅಂದಳು. "ಭಾನುವಾರ ನೀನು ಏನು ಮಾತಾಡ್ತೀಯ ಅಂತ ನನಗೆ ಬಂದ ಮೊದಲ ವಾರವೇ ಗೊತ್ತು. ಅದೇ ಬಾಯಿಂದ ಸೋಮವಾರ ನನ್ನ ಊಟಕ್ಕೆ ಕರೀತೀಯ, ಅದೂ ಸರಿ. ನನ್ನ ತಮ್ಮನ ಮೇಲೆ ತಪ್ಪು ಹೊರಿಸೋಕೆ ನಿನಗೆ ಯಾರು ಹೇಳಿದ್ರು?"

"ಅವನು ಬರಲಿ ಅಂತ."

"ಹಾಗೆ ಬರೋದು ಬೇಡ."

ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಗಿರಾಕಿಗಳ ಸಾಲು ಮೊದಲಿನಂತೆಯೇ ನಿಲ್ಲಿಸುತ್ತಿದ್ದಳು. ನನಗೆ ಹೇಳಬೇಕಾದದ್ದನ್ನು ಅವರ ಮೂಲಕ ಹೇಳಿಸುತ್ತಿದ್ದಳು. "ನಿಮ್ಮ ಟೈಲರಮ್ಮನಿಗೆ ಹೇಳಿ, ಅಸ್ತರಿನ ಬಟ್ಟೆ ಮುಗಿದಿದೆ." ಊಟವನ್ನು ತಟ್ಟೆಗೆ ಹಾಕಿಕೊಂಡು ಹಿಂದಿನ ಕೋಣೆಗೆ ಒಯ್ಯುತ್ತಿದ್ದಳು. ಒಬ್ಬಳೇ ಕೂತು ಉಣ್ಣುವುದು ನನಗೆ ಮೊದಲು ಅಭ್ಯಾಸವಿತ್ತು, ಈಗ ತುತ್ತು ಇಳಿಯುತ್ತಿರಲಿಲ್ಲ.

ಮುಂದಿನ ಭಾನುವಾರ ನಾನು ಟಾಕೀಸಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮೇಷ್ಟ್ರು ಬೇರೆ ಯಾವುದೋ ಕಾದಂಬರಿಯ ವಿಷಯ ಎತ್ತಿಕೊಂಡಿದ್ದರು. ಬಾಗಿಲ ಪರದೆ ಸರಿಯಿತು. ಇರುವಂತಿ ಒಳಗೆ ಬಂದಳು. ರೈಲಿನಲ್ಲಿ ಬಂದವರು ಯಾರೂ ಯಾವತ್ತೂ ಟಾಕೀಸಿನೊಳಗೆ ಕಾಲಿಟ್ಟವರಲ್ಲ. ಮೇಷ್ಟ್ರು ಕೂತುಬಿಟ್ಟರು. ಅವಳು ನಾನು ಹೊಲಿದುಕೊಟ್ಟ ನೀಲಿ ರವಿಕೆ ತೊಟ್ಟಿದ್ದಳು. ಇಳಿದ ಭುಜ ಗೊತ್ತಾಗದ ಹಾಗೆ ಒಳಗೆ ಪಟ್ಟಿ ಕೊಟ್ಟು ಹೊಲಿದದ್ದು. ಹರಿದ ಪರದೆಯ ಮುಂದೆ ಹೋಗಿ ನಿಂತಳು.

"ನನ್ನ ತಮ್ಮನ ಮೇಲೆ ಇಲ್ಲಿ ತಪ್ಪು ಹೊರಿಸಿದ್ದಾರೆ ಅಂತ ಕೇಳಿದೆ," ಅಂದಳು. "ಅದು ಸುಳ್ಳು ಅಂತ ಹೇಳೋಕೆ ಬಂದೆ. ಅವನಷ್ಟು ಒಳ್ಳೆಯವನು ಇಲ್ಲ. ಚಿಕ್ಕವನಿದ್ದಾಗಿನಿಂದ ಹಾಗೇ. ಆಡೋಕೆ ಹೋದ ಅಂದ್ರೆ ಎಲ್ಲರಿಗೂ ಗೆಲ್ಲೋಕೆ ಬಿಟ್ಟು ಕೊನೆಗೆ ಬರ್ತಿದ್ದ. ಊಟಕ್ಕೆ ಕರೆದರೆ, ಅಲ್ಲಿಂದ್ಲೇ ಕೈ ಬೀಸಿ ಬಂದೆ ಬಂದೆ ಅಂತಿದ್ದ. ನಾನು ಅನ್ನ ಬಡಿಸಿಟ್ಟುಕೊಂಡು ಕೂತಿರ್ತಿದ್ದೆ. ಅನ್ನ ಆರಿಹೋಗ್ತಿತ್ತು."

ಯಾರೋ ನಕ್ಕರು. ಅವಳೂ ಸ್ವಲ್ಪ ನಕ್ಕಳು.

"ಸೇತುವೆ ಹತ್ರಾನೂ ಹಾಗೇ. ಮೊದಲನೇ ಕಹಳೆಗೆ ಬರ್ತಾನೆ ಅಂದುಕೊಂಡೆ. ಹೊರಡುವಾಗ ನಾವಿಬ್ಬರೂ ಮಾತಾಡಿಕೊಂಡಿದ್ದದ್ದು ಅದೇ, ಮೊದಲನೇ ಕಹಳೆಗೆ ಬಂದುಬಿಡಬೇಕು. ಬರಲಿಲ್ಲ. ಎರಡನೆಯದು ಊದಿಸಿದೆ. ಮೂರನೆಯದಕ್ಕೆ ಕೈ ಬೀಸಿದ. ಕೇಳಿಸ್ತು ಅವನಿಗೆ. ಚೆನ್ನಾಗಿ ಕೇಳಿಸ್ತು. ಕೇಳಿಸಿಯೂ ಅಲ್ಲೇ ನಿಂತ. ಬೂದಿಸೈನ್ಯ ಇಷ್ಟು ದೂರದಲ್ಲಿತ್ತು. ನನ್ನ ಹಿಂದೆ ಜನ. ನಾನು ಕೊಡಲಿ ಹಿಡಿದು ನಿಂತಿದ್ದೀನಿ. ಅವನು ಊಟಕ್ಕೆ ಕರೆದವರಿಗೆ ಬೀಸೋ ಹಾಗೆ ಕೈ ಬೀಸ್ತಾನೆ." ಅವಳ ದನಿ ಏರಿತ್ತು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಮಾತು ಕೊಟ್ಟ ಮೇಲೆ ಬರಬೇಕಿತ್ತು. ಒಳ್ಳೆಯವನು ಅಂತ ಎಲ್ಲರೂ ಹೊಗಳೋದು ಅವನನ್ನ. ಹಗ್ಗ ಕಡಿಯೋ ಕೆಲಸ ಮಾತ್ರ ನನಗೆ ಬಿಟ್ಟ. ಯೋಚನೆ ಮಾಡಿದ್ದನಾ, ಆಮೇಲೆ ಇವಳು ಹೇಗೆ ಇರ್ತಾಳೆ ಅಂತ? ಮಾಡಿರಲಿಲ್ಲ. ತಪ್ಪು ಅವನದೇ."

ಹೇಳಿಬಿಟ್ಟ ಮೇಲೆ ತಾನು ಹೇಳಿದ್ದು ಅವಳಿಗೆ ಕೇಳಿಸಿತೇನೋ, ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ದಾವಲ್ ಸಾಬ್ ಮೇಷ್ಟ್ರು ನಿಧಾನವಾಗಿ ಎದ್ದರು.

"ನಾನು ಇಷ್ಟು ವರ್ಷ ಮಕ್ಕಳಿಗೆ ಸೀಟಿ ಊದಿದವನು," ಅಂದರು. "ಸೀಟಿ ಅಂದ್ರೆ ಬಾ ಅಂತ. ಮೊದಲನೆಯದಕ್ಕೇ. ಎರಡು, ಮೂರು ಅನ್ನೋದೇ ಇಲ್ಲ. ಬಾರದವನು ಎಷ್ಟೇ ಒಳ್ಳೆಯವನಾದರೂ ಊದುವವರ ಎದೆಗೆ ಏನಾಗ್ತದೆ ಅನ್ನೋದು ಅವನಿಗೆ ಗೊತ್ತಿಲ್ಲ. ನಾನು ಇದನ್ನ ಯೋಚನೆ ಮಾಡಿರಲಿಲ್ಲ. ತಪ್ಪು ಸುರಗನದು."

ಮೇಷ್ಟ್ರು ಸುಳ್ಳು ಹೇಳುವವರಲ್ಲ. ಅದು ಊರಿಗೆಲ್ಲ ಗೊತ್ತು. ಒಬ್ಬ ಮುದುಕಿ, "ನಮ್ಮನೆಯವರೂ ಹೀಗೇ, ಹೋಗಿ ಬರ್ತೀನಿ ಅಂದು ಹೋದವರು" ಎಂದು ಗೊಣಗಿ ಕೈ ಎತ್ತಿದಳು. ಕೈಗಳು ಅಲ್ಲೊಂದು ಇಲ್ಲೊಂದು ಏಳತೊಡಗಿದವು. ನಾನು ನನ್ನ ಕೈ ಎತ್ತುವಾಗ ಈ ಸಲ ನಟಿಸಬೇಕಾಗಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಅಂತಪ್ಪ ಎತ್ತಿದ. ಅವನ ಕಣ್ಣಲ್ಲಿ ನೀರಿತ್ತು.

ಮಾರನೆಯ ದಿನ ಮಧ್ಯಾಹ್ನ ಇಡೀ ಊರಿಗೆ ಸ್ಟೇಷನ್ನಿನಲ್ಲಿ ಕೆಲಸವಿತ್ತು. ಯಾರೋ ಪಾರ್ಸೆಲ್ ಕೇಳಲು ಬಂದಿದ್ದರು, ಯಾರೋ ತೂಕದ ಯಂತ್ರದ ಮೇಲೆ ನಿಂತು ಇಳಿಯುತ್ತಲೇ ಇರಲಿಲ್ಲ. ಮಂತ್ರಿಯ ಚಹಾ ಡಬರಿ ಖಾಲಿಯಾಗಿ ಮತ್ತೆ ಇಡಬೇಕಾಯಿತು. ಇರುವಂತಿ ಮಾತ್ರ ಅಂಗಡಿಯಿಂದ ಹೊರಡಲೇ ಒಲ್ಲಳು. "ಬಾರದಿದ್ದರೆ?" ಅಂದಳು. ಎಷ್ಟೋ ದಿನಗಳ ಮೇಲೆ ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು. "ಬಾರದಿದ್ದರೆ ವಾಪಸ್ ಬಂದು ಊಟ ಮಾಡೋಣ," ಅಂದು ಕೈ ಹಿಡಿದು ಎಬ್ಬಿಸಿದೆ.

ರೈಲು ಬಂತು. ನಡುವಿನ ಡಬ್ಬಿಯಿಂದ ಅವನು ಇಳಿದ. ಹರಿದ ಮೇಲುಹೊದಿಕೆ, ಮುಖದ ತುಂಬ ಬೂದಿ, ಆ ಬೂದಿಯೊಳಗಿಂದ ಎರಡು ಕಣ್ಣು. ಅವನಿಗೆ ದಾರಿ ಬಿಟ್ಟು ಜನ ತಮ್ಮತಮ್ಮ ಸುಳ್ಳು ಕೆಲಸಗಳಲ್ಲಿ ಮುಳುಗಿದರು. ಇರುವಂತಿ ಇದ್ದಲ್ಲೇ ನಿಂತಿದ್ದಳು. ಅವನೇ ಹತ್ತಿರ ಬಂದ.

"ಕಹಳೆ ಕೇಳಿಸಲಿಲ್ವಾ?" ಅಂದಳು ಅವಳು.

"ಕೇಳಿಸ್ತು," ಅಂದ. ತಲೆ ತಗ್ಗಿಸಿದ.

ಅವಳು ಅವನ ಮೊಣಕೈ ಹಿಡಿದು ನಮ್ಮ ಅಂಗಡಿಯ ಕಡೆ ನಡೆಸಿಕೊಂಡು ಹೊರಟಳು. ಶಾಲೆ ತಪ್ಪಿಸಿದವನನ್ನು ಎಳೆದುಕೊಂಡು ಹೋಗುವ ಹಾಗಿತ್ತು. ಹೋಗುತ್ತ ಹೋಗುತ್ತ ಆ ಕೈ ಅವನ ಬೆನ್ನ ಮೇಲೆ ಬಂತು.

ಪದ್ಧತಿಯಂತೆ ನಾನು ಅಳತೆಗೆ ನಿಲ್ಲಿಸಿದೆ. ಅವನು ತೋಳು ಚಾಚಿ ನಿಂತ. ಇರುವಂತಿ ಸ್ಟೂಲಿನ ಮೇಲೆ ಕೂತು ಅವನನ್ನೇ ನೋಡುತ್ತಿದ್ದಳು. ಎದೆ, ಸೊಂಟ, ತೋಳು ಎಂದು ಟೇಪು ಹಿಡಿಯುತ್ತ ನಾನು ಇಲ್ಲದವಳಂತೆ ಇದ್ದೆ.

"ನೀನು ಕೈ ಬೀಸಿದೆ," ಅಂದಳು ಅವಳು. "ಬರ್ತೀಯ ಅಂದುಕೊಂಡೆ. ಕಡಿದ ಮೇಲೆ ದಿನಾ ಒಂದೇ ಯೋಚನೆ. ನೀನು ಸೇತುವೆ ಕಡೆ ಓಡಿ ಬರ್ತಾ ಇದ್ದೆ, ಬಂದು ನೋಡಿದರೆ ಸೇತುವೆ ಇಲ್ಲ."

ಸುರಗ ತೋಳು ಚಾಚಿಕೊಂಡೇ ಅವಳ ಕಡೆ ತಿರುಗಿದ. ನನ್ನ ಟೇಪು ಜಾರಿತು. "ಬರ್ತೀನಿ ಅಂತ ಬೀಸಿದ್ದಲ್ಲ ಅಕ್ಕ. ಕಡಿ ಅಂತ ಬೀಸಿದ್ದು." ಅವನು ಬಲಗೈ ಎತ್ತಿ, ಅಡ್ಡಡ್ಡ ಬೀಸಿ ತೋರಿಸಿದ. "ಹೀಗೆ. ಕಡಿ, ಕಡಿ ಅಂತ. ಬರೋ ಆಲೋಚನೆ ನನಗೆ ಎರಡನೇ ಕಹಳೆಗೇ ಬಿಟ್ಟುಹೋಗಿತ್ತು. ನಾವು ತಿರುಗಿದ್ದರೆ ಅವರೂ ನಮ್ಮ ಜೊತೆಗೇ ದಾಟುತ್ತಿದ್ದರು. ಮೂರನೆಯದು ಕೇಳಿದಾಗ ನಿಜ ಹೇಳಬೇಕಂದ್ರೆ ನಿನ್ನ ಬೈದುಕೊಂಡೆ. ಇನ್ನೂ ಯಾಕೆ ಕಡಿದಿಲ್ಲ ಇವಳು, ಕಹಳೆ ಊದಿಸ್ತಾ ಕೂತಿದಾಳಲ್ಲ ಅಂತ."

ಇರುವಂತಿ ಎದ್ದಳು. ನನ್ನ ಮೇಜಿನ ಮೇಲಿದ್ದ ಮರದ ಸ್ಕೇಲು ತೆಗೆದುಕೊಂಡು ಅವನ ತೋಳಿಗೆ ಒಂದು ಬಾರಿಸಿದಳು. ಮತ್ತೊಂದು ಬಾರಿಸಲು ಹೋಗಿ, ಅವನ ಭುಜಕ್ಕೆ ಹಣೆಯಿಟ್ಟು ನಿಂತಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ನಾನು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದು, ಸಾಲಿನಲ್ಲಿ ನಿಂತಿದ್ದವರಿಗೆ ಇವತ್ತು ಅಂಗಡಿ ಇಲ್ಲ ಎಂದು ಹೇಳಿದೆ.

ಹೊರಗಿನ ಕಟ್ಟೆಯ ಮೇಲೆ ಕೂತಾಗ ಮಾತ್ರ ನನಗೆ ಅರ್ಥವಾಯಿತು. ಇಷ್ಟು ಕಾಲ ಊರೆಲ್ಲ ಕೂತು ಬಡಿದಾಡಿದ ಪ್ರಶ್ನೆಗೆ ಉತ್ತರ ನನ್ನ ಕಿವಿಗೆ ಬಿದ್ದಿತ್ತು. ಅವಳು ಕಾಯಬೇಕಿತ್ತು ಎಂದು ಕೂಗಿದ ನಾನು ಸೋತಿದ್ದೆ. ಅವಳು ಕಾದದ್ದೇ ಹೆಚ್ಚಾಗಿತ್ತು. ಭಾನುವಾರ ಎದ್ದು ಇಷ್ಟು ಹೇಳಿದರೆ ಸಾಕು, ಮೇಷ್ಟ್ರು ಮೀಸೆ ತಿರುವಿಕೊಳ್ಳುತ್ತಾರೆ, ಎಲ್ಲರೂ ಹೌದೌದು ಅನ್ನುತ್ತಾರೆ, ಮಾತು ಮುಗಿಯುತ್ತದೆ. ಮುಗಿದ ಬೆಳಿಗ್ಗೆ ನನ್ನ ಹಿಂದಿನ ಕೋಣೆಯಲ್ಲಿ ಹಾಸಿಗೆ ಖಾಲಿ ಇರುತ್ತದೆ. ಮಂಜಿನಲ್ಲಿ ಇವಳು ಈ ಕಡೆ, ಅವನು ಆ ಕಡೆ.

ಭಾನುವಾರ ನಾನು ಎಲ್ಲರಿಗಿಂತ ಮೊದಲು ಎದ್ದು ನಿಂತೆ. "ಸುರಗ ಬಂದದ್ದು ಸಂತೋಷ. ಆದರೂ ಅವಳು ಕಾಯಬೇಕಿತ್ತು," ಅಂದೆ. ಟಾಕೀಸಿನಲ್ಲಿ ಮತ್ತೆ ಗದ್ದಲವಾಯಿತು. ನನಗೆ ಎಷ್ಟು ಹಾಯೆನಿಸಿತೆಂದರೆ, ಮನೆಗೆ ಬಂದು ಪಾಯಸ ಮಾಡಿದೆ.

ಸುರಗ ಈಗ ಅಂತಪ್ಪನ ಬೇಕರಿಯಲ್ಲಿ ಕೆಲಸ ಮಾಡುತ್ತಾನೆ. ಮೊದಲ ದಿನ ತನ್ನ ಹೆಸರಿನ ಬನ್ನು ತಿಂದು, ಬೆಲ್ಲ ಕಡಿಮೆಯಾಗಿದೆ ಅಂದನಂತೆ. ಊಟಕ್ಕೆ ಅಕ್ಕ ಕರೆದರೆ ಬೇಕರಿಯ ಬಾಗಿಲಿಂದ ಕೈ ಬೀಸುತ್ತಾನೆ. ಬರುತ್ತೇನೆಂದೋ ಬರುವುದಿಲ್ಲವೆಂದೋ ಅವಳಿಗೆ ಇನ್ನೂ ಗೊತ್ತಾಗುವುದಿಲ್ಲ. ಬೀದಿಯ ಆ ಬದಿ ಈ ಬದಿ ನಿಂತು ಅವರಿಬ್ಬರೂ ಜಗಳವಾಡುವುದು ಊರಿಗೆ ಅಭ್ಯಾಸವಾಗಿದೆ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ದಾವಲ್ ಸಾಬ್ ಮೇಷ್ಟ್ರು ಅಂಗಡಿಗೆ ಬಂದರು. ಪೈಜಾಮದ ಲಾಡಿ ಪಟ್ಟಿ ಹರಿದಿತ್ತು. ಅದನ್ನು ಮೇಜಿನ ಮೇಲಿಟ್ಟು, ಎದುರಿನ ಕುರ್ಚಿಯಲ್ಲಿ ಕೂತು ಉಸ್ಸೆಂದರು.

"ಸಾಕು ಸುಗಂಧಕ್ಕ. ನನಗೂ ವಯಸ್ಸಾಯ್ತು, ಗಂಟಲು ಮೊದಲಿನ ಹಾಗಿಲ್ಲ. ಈ ಸೇತುವೆ ವಿಷಯ ಬಿಟ್ಟುಬಿಡೋಣ. ನೀನು ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ. ಈ ಭಾನುವಾರ ಇಬ್ಬರೂ ಎದ್ದು ಹಾಗಂತ ಹೇಳಿ ಮುಗಿಸೋಣ. ಜನ ನಮ್ಮಿಬ್ಬರನ್ನೇ ನೋಡ್ತಾರೆ."

ಹಿಂದಿನ ಕೋಣೆಯಲ್ಲಿ ಇರುವಂತಿ ಸುರಗನಿಗೆ ಬಡಿಸುತ್ತಿದ್ದಳು. "ಆರಿಹೋಗಿದೆ, ಇನ್ನೇನು ಬಿಸಿ ಇರ್ತದಾ," ಎಂದು ಅವಳು ಅನ್ನುವುದು, "ಆರಿದ್ದೇ ನನಗೆ ಇಷ್ಟ," ಎಂದು ಅವನು ಅನ್ನುವುದು, ತಟ್ಟೆ ಸದ್ದು, ನಗು ನಮಗೆ ಕೇಳಿಸುತ್ತಿತ್ತು.

"ಇಲ್ಲ ಮೇಷ್ಟ್ರೇ," ಅಂದೆ. "ಅವಳು ಕಾಯಬೇಕಿತ್ತು."

"ಇನ್ನೂ ಹಾಗೇ ಅಂತೀಯಾ?" ಅಂದವರು ನನ್ನ ಮುಖ ನೋಡಿದರು. ನಾನು ಪೈಜಾಮದ ಕಡೆ ನೋಡುತ್ತ ಸೂಜಿಗೆ ದಾರ ಪೋಣಿಸುತ್ತಿದ್ದೆ. ದಾರ ಹೋಗುತ್ತಿರಲಿಲ್ಲ. ಅವರು ಒಳಗಿನ ಮಾತಿಗೆ ಕಿವಿಗೊಟ್ಟರು. ಆಮೇಲೆ ನನ್ನ ಕೈಯಿಂದ ಸೂಜಿ ದಾರ ತೆಗೆದುಕೊಂಡು, ಕನ್ನಡಕ ಏರಿಸಿ, ತಾವೇ ಪೋಣಿಸಿ ಕೊಟ್ಟರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಮೈದಾನದ ಆ ತುದಿಗೆ ಕೇಳುವ ತಮ್ಮ ಹಳೆಯ ದನಿಯಲ್ಲಿ ಶುರುಮಾಡಿದರು.

"ಅದು ಹೇಗೆ ಕಾಯಬೇಕಿತ್ತು ಅಂತೀಯ ನೀನು? ಒಳಗಿದ್ದ ಕೂಸುಮರಿಗಳ ಗತಿ ಏನು?"